ತಿರುಗಾಟಕ್ಕೆ ಹೋಗಿ, ಮಧ್ಯಾಹ್ನದ ಬುತ್ತಿ ಮಾತ್ರ ಮನೆಯದ್ದೇ ಇರಲಿ

ರಜೆ ಬಂತೆಂದರೆ ನಮ್ಮ ಮನೆಯ ಹುಡುಗರು ಫೋನಿನಲ್ಲಿ ಪಟ್ಟಿ ಮಾಡಲು ಕೂರುತ್ತಾರೆ. ಒಂದೇ ದಿನದಲ್ಲಿ ಮೂಡುಬಿದಿರೆ, ಕಾರ್ಕಳ, ಉಡುಪಿ ಮಠ, ಮಲ್ಪೆ, ಕಾಪು, ಹೊತ್ತು ಉಳಿದರೆ ಮರವಂತೆಯೂ ಆಗಬೇಕು. ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ ಅಂತ ಹೇಳಿ ಮಂಗಳೂರು ಬಿಡುವಾಗ ಒಂಬತ್ತು. ಒಂದು ಗಂಟೆಗೆ ಹಸಿವಾದಾಗ ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಿ, ಯಾವ ಹೋಟೆಲಿಗೆ ಎಷ್ಟು ಸ್ಟಾರ್ ಉಂಟು ಅಂತ ನೋಡುತ್ತಾ ಕೂರುವುದು. ಹಿಂದಿನ ಸೀಟಿನಲ್ಲಿ ಮಗು ಅಳುತ್ತದೆ, ಅಜ್ಜನ ಮಾತ್ರೆಯ ಹೊತ್ತು ಮೀರುತ್ತದೆ, ಗಂಡ ಹೆಂಡತಿ ಮಾತು ಬಿಡುತ್ತಾರೆ. ಸಂಜೆ ಮನೆಗೆ ಬಂದು "ಏನೂ ಸರಿಯಾಗಿ ನೋಡಲಿಕ್ಕೇ ಆಗಲಿಲ್ಲ" ಅಂತ ಗೊಣಗಾಟ. ಹೇಗೆ ಆಗುತ್ತದೆ ಹೇಳಿ? ನೋಡಿ ನೋಡಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬೆಳಗ್ಗಿನ ತಿಂಡಿ ಹೊರಗೆ ತಿನ್ನಿ. ಸಂಜೆಯ ತಿಂಡಿಯೂ ಹೊರಗೆ ಆಗಲಿ. ಮಧ್ಯಾಹ್ನಕ್ಕೆ ಮಾತ್ರ ಬುತ್ತಿ ಕಟ್ಟಿಕೊಂಡು ಹೋಗಿ. ಬೆಳಿಗ್ಗೆ ಏಳೂವರೆಗೆ ಹೋಟೆಲಿನಲ್ಲಿ ಬನ್ಸ್ ಆಗಷ್ಟೇ ಬಾಣಲೆಯಿಂದ ಎದ್ದಿರುತ್ತದೆ, ನೀರುದೋಸೆ ಕಾವಲಿಯಿಂದ ನೇರ ತಟ್ಟೆಗೆ ಬರುತ್ತದೆ. ಸಂಜೆ ನಾಲ್ಕಕ್ಕೆ ಗೋಳಿಬಜೆ ಬಿಸಿಯಾಗಿ ಸಿಗುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಹೋದರೆ ರಜೆಯ ದಿನ ಊರಿಡೀ ಅಲ್ಲೇ ಇರುತ್ತದೆ. ಕಾಯುವುದು, ಸಿಡುಕುವುದು, ಹಸಿದ ಹೊಟ್ಟೆಗೆ ಸಿಕ್ಕಿದ್ದನ್ನೆಲ್ಲ ತುಂಬುವುದು, ಆಮೇಲೆ ಕಾರಿನಲ್ಲಿ ಎಲ್ಲರೂ ತೂಕಡಿಸುವುದು. ಬುತ್ತಿ ಇದ್ದರೆ ನೆರಳು ಕಂಡಲ್ಲಿ ಕೂತು ಅರ್ಧ ಗಂಟೆಯಲ್ಲಿ ಉಂಡು ಏಳಬಹುದು.

ಬುತ್ತಿ ಅಂದರೆ ಮೊಸರನ್ನ. ಚಿತ್ರಾನ್ನ, ಪುಳಿಯೋಗರೆ ಬೇಕಾದವರು ಮಾಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಕರಾವಳಿಯ ಸೆಖೆಗೆ ಹೊಟ್ಟೆ ತಂಪಾಗುವುದು ಮೊಸರನ್ನದಿಂದಲೇ. ಅದನ್ನು ಈಗಿನವರು ಮಾಡುವ ರೀತಿ ನೋಡಿದರೆ ನನಗೆ ಮೈ ಉರಿಯುತ್ತದೆ. ಫ್ರಿಜ್ಜಿನಿಂದ ಮೊಸರು ತೆಗೆದು ಬಿಸಿ ಅನ್ನಕ್ಕೆ ಸುರಿದು, ಹಸಿ ಈರುಳ್ಳಿ, ಸೌತೆಕಾಯಿ ಎಲ್ಲ ಹಾಕಿ ಪ್ಲಾಸ್ಟಿಕ್ ಡಬ್ಬದಲ್ಲಿ ಒತ್ತಿ ಮುಚ್ಚುತ್ತಾರೆ. ಸುರತ್ಕಲ್ ದಾಟುವಾಗಲೇ ಅದು ಹುಳಿಯಾಗಲು ಶುರು. ಮಧ್ಯಾಹ್ನ ಮುಚ್ಚಳ ತೆಗೆದರೆ ನೀರು ಒಂದು ಕಡೆ, ಅನ್ನ ಒಂದು ಕಡೆ.

ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ ತೆಗೆದುಕೊಳ್ಳಿ, ಕುಚ್ಚಲಕ್ಕಿ ಇದಕ್ಕೆ ಆಗುವುದಿಲ್ಲ. ದಿನದ ಅನ್ನಕ್ಕೆ ಹಾಕುವುದಕ್ಕಿಂತ ನೀರು ಜಾಸ್ತಿ ಹಾಕಿ ಮೆತ್ತಗೆ ಬೇಯಿಸಿ. ಬಿಸಿ ಇರುವಾಗಲೇ ಸೌಟಿನ ಹಿಂಬದಿಯಿಂದ ಮಸೆಯಿರಿ. ತಣಿದ ಮೇಲೆ ಮಸೆದರೆ ಗಂಟು ಗಂಟಾಗುತ್ತದೆ. ಅದಕ್ಕೆ ಕಾಯಿಸಿದ ಹಾಲು ಹಾಕಿ. ಇಷ್ಟೊಂದು ಹಾಲಾ ಅಂತ ನಿಮಗೆ ಅನಿಸಬೇಕು, ಅಷ್ಟು ಹಾಕಿ. ಅನ್ನ ಹಾಲು ಕುಡಿಯುತ್ತಾ ಹೋಗುತ್ತದೆ. ಬೆರಳು ಇಟ್ಟರೆ ಉಗುರು ಬೆಚ್ಚಗೆ ಅನಿಸುವ ತನಕ ಬಿಡಿ. ಆಮೇಲೆ ಗಟ್ಟಿ ಮೊಸರು, ಹುಳಿ ಬಾರದ್ದು, ಹೆಪ್ಪಿಗೆ ಹಾಕುವಷ್ಟೇ, ಮತ್ತೊಂದು ಚೂರು. ಉಪ್ಪು ಕೊನೆಗೆ. ಬೆಳಿಗ್ಗೆ ರುಚಿ ನೋಡಿದರೆ ಸಪ್ಪೆ ಹಾಲನ್ನವೇ. "ಅಮ್ಮ, ಮೊಸರು ಹಾಕಲು ಮರೆತಿರಾ?" ಅಂತ ಸೊಸೆ ಪ್ರತಿ ಸಲ ಕೇಳುತ್ತಾಳೆ. ದಾರಿಯಲ್ಲಿ ಅದು ತಾನಾಗಿ ಹೆಪ್ಪಾಗುತ್ತದೆ. ಹನ್ನೆರಡೂವರೆಗೆ ಬಿಚ್ಚಿದರೆ ಸಿಹಿ ಮೊಸರಿನ ಹದ. ಒಂದು ಗಂಟೆಯೊಳಗೆ ಉಂಡು ಮುಗಿಸಿ. ಮಿಕ್ಕಿದ್ದನ್ನು ಸಂಜೆಗೆ ಅಂತ ಕಾರಿನಲ್ಲಿ ಇಡಬೇಡಿ.

ಒಗ್ಗರಣೆಗೆ ಸಾಸಿವೆ, ಉದ್ದಿನಬೇಳೆ, ಹಸಿಮೆಣಸು, ಕರಿಬೇವಿನೆಲೆ, ಇಂಗು. ಶುಂಠಿಯನ್ನು ಹಸಿಯಾಗಿ ಹಾಕಬೇಡಿ, ಹಾಲು ಒಡೆಯುತ್ತದೆ. ಎಣ್ಣೆಯಲ್ಲಿ ಬಾಡಿಸಿಯೇ ಹಾಕಿ. ಈರುಳ್ಳಿ ಬೇಡ. ಹಸಿ ತೆಂಗಿನಕಾಯಿ ಚಟ್ನಿಯೂ ಬೇಡ, ಸೆಖೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಮಿಡಿ ಉಪ್ಪಿನಕಾಯಿ, ಕರಿದ ಬಾಳಕದ ಮೆಣಸು, ಇಷ್ಟು ಸಾಕು.

ಇನ್ನು ಎಲೆ. ಇದರಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಬುತ್ತಿಯನ್ನು ಬಾಡಿಸಿದ ಬಾಳೆಲೆಯಲ್ಲೇ ಕಟ್ಟಬೇಕು. ಎಲೆಯನ್ನು ಹಿಂದಿನ ಸಂಜೆಯೇ ಕೊಯ್ದು ತನ್ನಿ. ತೀರಾ ಎಳೆಯದು ಬೇಡ, ಮುಟ್ಟಿದಲ್ಲಿ ಹರಿಯುತ್ತದೆ. ಬಲಿತು ಹಳದಿಗೆ ತಿರುಗಿದ್ದೂ ಬೇಡ, ಮಡಚಿದಲ್ಲಿ ಸೀಳುತ್ತದೆ. ಗಾಳಿಗೆ ಅಂಚು ಹರಿಯದ, ಅಗಲ ಇರುವ ಎಲೆ ನೋಡಿ ಆರಿಸಿ. ಒದ್ದೆ ಬಟ್ಟೆಯಲ್ಲಿ ಎರಡೂ ಬದಿ ಒರೆಸಿ. ಬೆನ್ನ ಬದಿಯ ದಂಟನ್ನು ಚಾಕುವಿನಿಂದ ಹೆರೆದು ತೆಳು ಮಾಡಿ. ಪೂರ್ತಿ ಕತ್ತರಿಸಿದರೆ ಎಲೆ ಎರಡು ಹೋಳಾಗುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ. ಈಗ ಗ್ಯಾಸಿನ ಉರಿ ಸಣ್ಣ ಮಾಡಿ, ಒಂದು ಗೇಣು ಎತ್ತರದಲ್ಲಿ ಎಲೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಾ ಹೋಗಿ. ನಿಲ್ಲಿಸಿದರೆ ತೂತಾಗುತ್ತದೆ, ಅವಸರ ಮಾಡಿದರೆ ಬಾಡುವುದಿಲ್ಲ. ಕಣ್ಣು ಎಲೆಯ ಮೇಲೆಯೇ ಇರಲಿ. ಮಸುಕು ಹಸಿರು ಇದ್ದದ್ದು ಬೆಂಕಿ ತಾಗಿದ ಕಡೆ ಕಡು ಹಸಿರಾಗಿ, ಎಣ್ಣೆ ಸವರಿದ ಹಾಗೆ ಹೊಳೆಯಲು ಶುರುವಾಗುತ್ತದೆ. ಆ ಹೊಳಪು ದಂಟಿನಿಂದ ಅಂಚಿನ ಕಡೆಗೆ ಸರಿಯುವುದು ಚೆನ್ನಾಗಿ ಕಾಣುತ್ತದೆ. ಅಂಚಿಗೆ ಮುಟ್ಟಿದ ಕೂಡಲೇ ಎಲೆ ತೆಗೆಯಿರಿ. ಒಳ್ಳೆಯ ಪರಿಮಳ ಬರುತ್ತದೆ, ಎಲೆ ಬಟ್ಟೆಯಂತೆಯೇ ಮಡಚಲು ಬರುತ್ತದೆ.

ಕಟ್ಟುವುದಕ್ಕೂ ಕ್ರಮ ಉಂಟು. ಒಂದು ಎಲೆ ಅಡ್ಡ, ಒಂದು ಎಲೆ ಉದ್ದ ಇಡಿ. ನಡುವೆ ಒಬ್ಬರ ಊಟದಷ್ಟು ಅನ್ನ, ಅದರ ತಲೆಯ ಮೇಲೆ ಒಂದು ಮಿಡಿ. ಅನ್ನ ಬಿಸಿ ಇರಬಾರದು, ಒಳಗೆ ಬೆವರುತ್ತದೆ. ಮೊದಲು ಉದ್ದದ ಎರಡು ಬದಿ ಮಡಚಿ, ಆಮೇಲೆ ಅಡ್ಡದ ಎರಡು ಬದಿಯನ್ನು ಅಡಿಗೆ ಸೇರಿಸಿ, ನೆನೆಸಿದ ಬಾಳೆನಾರಿನಿಂದ ಕಟ್ಟಿ. ರಬ್ಬರ್ ಬ್ಯಾಂಡ್ ಬೇಡ, ಎಲೆ ಕತ್ತರಿಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕಟ್ಟು. ಎಲ್ಲವನ್ನೂ ಸ್ಟೀಲಿನ ಪಾತ್ರೆಯಲ್ಲಿ ಒಂದೇ ಸಾಲಾಗಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಡಿಕ್ಕಿಯಲ್ಲಿ ಬ್ಯಾಗಿನ ಅಡಿಗೆ ತುರುಕಲೇಬೇಡಿ. ಕಾಲ ಬುಡದಲ್ಲಿ, ಬಿಸಿಲು ಬೀಳದ ಕಡೆ ಇರಲಿ. ನಮ್ಮ ಅಮ್ಮ ಕೊಲ್ಲೂರಿಗೆ ಹೋಗುವಾಗ ಬಸ್ಸಿನಲ್ಲಿ ಬುತ್ತಿಯ ಚೀಲವನ್ನು ಮಡಿಲಿನಿಂದ ಇಳಿಸುತ್ತಿರಲಿಲ್ಲ. ಸೌಪರ್ಣಿಕೆ ಹೊಳೆಯ ಹತ್ತಿರ ನೆರಳಲ್ಲಿ ಕೂರಿಸಿ ನಮ್ಮ ಕೈಗೆ ಒಂದೊಂದು ಕಟ್ಟು ಕೊಡುತ್ತಿದ್ದರು. ತಟ್ಟೆ ತೊಳೆಯುವ ಕೆಲಸ ಇಲ್ಲ. ಎಲೆಯನ್ನು ದನ ಕಂಡರೆ ದನಕ್ಕೆ ಹಾಕುವುದು. ಈಗಿನವರು ಥರ್ಮೋಕೋಲ್ ತಟ್ಟೆ ತಂದು ಅಲ್ಲೇ ಬಿಟ್ಟು ಬರುತ್ತಾರೆ. ಓದಿದವರು ಮಾಡುವ ಕೆಲಸವಾ ಅದು?

ನೋಡುವ ಜಾಗದ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಒಂದು ದೊಡ್ಡ ಜಾಗ, ಸಂಜೆ ಒಂದು. ನಡುವೆ ದಾರಿಯಲ್ಲಿ ಸಿಕ್ಕಿದ್ದು ಲಾಭ. ಬಿಸಿಲಿನ ಜಾಗ ಬೆಳಿಗ್ಗೆ, ಮಾಡು, ಅಂದರೆ ಸೂರು ಇರುವ ಜಾಗ ನಡು ಹೊತ್ತಿಗೆ, ಸಮುದ್ರ ಸಂಜೆಗೆ.

ಕಾರ್ಕಳದ ಗೊಮ್ಮಟನನ್ನು ಮಧ್ಯಾಹ್ನ ನೋಡಲು ಹೋಗುವವರಿಗೆ ಏನು ಹೇಳುವುದು? ಬಂಡೆಯ ಮೇಲೆ ಮೆಟ್ಟಿಲು, ಬರಿಗಾಲು. ಕಾಲು ಸುಟ್ಟುಕೊಂಡು ಕುಣಿಯುತ್ತಾ ಇದ್ದರೆ 42 ಅಡಿಯ ಮೂರ್ತಿಯ ಮುಖ ನೋಡಲು ಮನಸ್ಸು ಎಲ್ಲಿರುತ್ತದೆ? 1432ರಲ್ಲಿ ನಿಲ್ಲಿಸಿದ ಮೂರ್ತಿ ಅದು. ಬೆಳಿಗ್ಗೆ ಬೇಗ ಹತ್ತಿ, ಮಕ್ಕಳಿಗೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ. ಇಳಿದ ಮೇಲೆ ಮೂಡುಬಿದಿರೆಗೆ ಬಂದು ಸಾವಿರ ಕಂಬದ ಬಸದಿಯಲ್ಲಿ ತಂಪಾಗಿ ಸುತ್ತಾಡಿ. ಅದು 1430ರದ್ದು. ಮಕ್ಕಳಿಗೆ ಫೋನು ಕೊಡಬೇಡಿ. ಒಂದರ ಹಾಗೆ ಇನ್ನೊಂದು ಕಂಬ ಇಲ್ಲ ಅಂತ ಹೇಳುತ್ತಾರೆ, ಒಂದೇ ತರದ ಎರಡು ಕಂಬ ಹುಡುಕಿ ಅಂತ ಬಿಡಿ. ಎಷ್ಟು ಹೊತ್ತು ಬೇಕಾದರೂ ಹುಡುಕುತ್ತಾರೆ. ಮಂಗಳೂರಿನಲ್ಲೇ ಉಳಿದವರು ಬಿಸಿಲು ಏರಿದ ಮೇಲೆ ಸಂತ ಅಲೋಶಿಯಸ್ ಚಾಪೆಲಿಗೆ ಹೋಗಬಹುದು, ತೆರೆದಿರುವ ಸಮಯ ವಿಚಾರಿಸಿಕೊಂಡು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಗೋಡೆ, ಮಾಡು ಎಲ್ಲದರಲ್ಲೂ ಚಿತ್ರ ಬರೆದಿದ್ದಾರೆ. ಒಳಗೆ ಹೋಗಿ ಸೆಲ್ಫಿ ತೆಗೆದು ಹೊರಗೆ ಬರುವ ಜಾಗ ಅಲ್ಲ. ಬೆಂಚಿನ ಮೇಲೆ ಕೂತು ಕುತ್ತಿಗೆ ಎತ್ತಿ ನೋಡಿ.

ಉಡುಪಿಗೆ ಹೋಗುವ ದಿನ ಬುತ್ತಿ ಬೇಡ. ಕೃಷ್ಣನ ಅನ್ನಪ್ರಸಾದ ಇರುವಾಗ ಬುತ್ತಿ ಯಾಕೆ? ಮೊದಲು ಚಂದ್ರಮೌಳೀಶ್ವರ, ಅನಂತೇಶ್ವರ, ಆಮೇಲೆ ಕೃಷ್ಣ, ಅದು ಕ್ರಮ. ಗಂಡಸರು ಅಂಗಿ ತೆಗೆಯಬೇಕು, ಬಾಗಿಲಲ್ಲಿ ನಿಂತು ಗುಂಡಿ ಬಿಚ್ಚುತ್ತಾ ಹಿಂದಿನವರನ್ನು ಕಾಯಿಸಬೇಡಿ. ಒಂಬತ್ತು ತೂತಿನ ನವಗ್ರಹ ಕಿಂಡಿಯಲ್ಲಿ ದರ್ಶನ, ಸಣ್ಣವರನ್ನು ಎತ್ತಿ ತೋರಿಸಿ. ದೇವರನ್ನು ನೋಡಿ ಕೂಡಲೇ ಕಾರಿಗೆ ಓಡಬೇಡಿ, ರಥಬೀದಿಯಲ್ಲಿ ಒಂದು ಸುತ್ತು ಹಾಕಿ. ಎಂಟು ಮಠಗಳು ಎಲ್ಲಿವೆ, ಎರಡು ವರ್ಷಕ್ಕೊಮ್ಮೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ, ಹೇಗೆ ಬದಲಾಗುತ್ತದೆ ಅಂತ ಮಕ್ಕಳಿಗೆ ಅಲ್ಲೇ ನಡೆಯುತ್ತಾ ಹೇಳಿದರೆ ನೆನಪಿರುತ್ತದೆ. ಮಳೆ ಕಳೆದ ಮೇಲೆ ಹೋದರೆ ಕಟಪಾಡಿ ಕಡೆ ಮಟ್ಟುಗುಳ್ಳ ಬದನೆ ಸಿಗುತ್ತದೆ, ತನ್ನಿ. ಹೆಚ್ಚಿದ ಕೂಡಲೇ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಕಪ್ಪಾಗುತ್ತದೆ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇಲ್ಲ. ಅಷ್ಟೂ ವಿಚಾರಿಸದೆ ಜುಲೈ ತಿಂಗಳಲ್ಲಿ ಮಕ್ಕಳಿಗೆ ಆಸೆ ಹುಟ್ಟಿಸಿ ಕರೆದುಕೊಂಡು ಹೋಗುವವರಿದ್ದಾರೆ. ಅಲ್ಲಿನ ಕಲ್ಲು ಸುಮ್ನೆ ಕಲ್ಲಲ್ಲ. 8 ಕೋಟಿ ವರ್ಷಗಳಿಗೂ ಹಿಂದೆ ಉಕ್ಕಿದ ಲಾವಾ ತಣಿದು ಕುಗ್ಗುವಾಗ ಹಾಗೆ ಕಂಬ ಕಂಬವಾಗಿ ಸೀಳಿದ್ದು. ಹಿಡಿತ ಇರುವ ಚಪ್ಪಲಿ ಹಾಕಿಕೊಳ್ಳಿ, ಪಾಚಿ ಇರುವ ಕಲ್ಲು ಹತ್ತಬೇಡಿ. ಸಂಜೆಗೆ ಕಾಪು ಒಳ್ಳೆಯದು. 1901ರ ದೀಪಸ್ತಂಭ, ಬಂಡೆ, ಸೂರ್ಯ ಮುಳುಗುವುದು, ಎಲ್ಲ ಒಂದೇ ಕಡೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ. ನೋಡಲು ಚಂದ, ನೀರಿಗೆ ಇಳಿಯಲು ಅಲ್ಲ.

ಸಮುದ್ರಕ್ಕೆ ಹೋಗಿ ಬಂದ ಬಟ್ಟೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಒದ್ದೆ ಮರಳಿನ ಸಮೇತ ಮೆಷಿನ್ನಿಗೆ ಹಾಕುತ್ತಾರೆ, ಆಮೇಲೆ ಮೆಷಿನ್ ಹಾಳಾಯಿತು ಅಂತ ಅಳುತ್ತಾರೆ. ಮೊದಲು ಹಾಗೆಯೇ ಪೂರ್ತಿ ಒಣಗಲು ಹಾಕಿ. ಒಣಗಿದ ಬಟ್ಟೆಯನ್ನು ಅಂಗಳದಲ್ಲಿ ಕೊಡವಿದರೆ ಮರಳು ತಾನಾಗಿ ಉದುರುತ್ತದೆ. ಜೇಬು ಹೊರಗೆ ಎಳೆದು ಕೊಡವಿ. ಆಮೇಲೆ ಒಗೆಯಿರಿ.

ಮೀನಿಲ್ಲದೆ ಊಟ ಇಳಿಯದವರು ನಮ್ಮ ಮನೆಯಲ್ಲೂ ಇದ್ದಾರೆ. ಅವರಿಗಾಗಿ ಒಂದು ದಿನ ಬುತ್ತಿ ಬಿಡಿ, ಹನ್ನೆರಡೂವರೆಗೇ ಹೋಟೆಲಿಗೆ ಹೋಗಿ ಕೂರಿ. ಏನು ತಾಜಾ ಉಂಟು ಅಂತ ಕೇಳಿ, ಅದನ್ನೇ ಹೇಳಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ. ಆಗ ಅಂಜಲ್ ಮೀನೇ ಬೇಕು ಅಂತ ಹಟ ಮಾಡಿದರೆ ಮಂಜುಗಡ್ಡೆಯಲ್ಲಿ ಇಟ್ಟದ್ದು ಸಿಗುತ್ತದೆ, ಬೆಲೆಯೂ ಜಾಸ್ತಿ. ಆ ತಿಂಗಳಲ್ಲಿ ಪತ್ರೊಡೆ ತಿನ್ನಿ, ಕೆಸುವಿನ ಎಲೆಯ ಕಾಲ ಅದು. ಗಡ್‌ಬಡ್ ಐಸ್‌ಕ್ರೀಮ್ ಬೇಕಾದರೆ ತಿರುಗಾಟ ಎಲ್ಲ ಮುಗಿದ ಮೇಲೆ. ಅದನ್ನು ತಿಂದು ಆಗುಂಬೆ ಘಾಟಿ ಹತ್ತಿದರೆ 14 ತಿರುವಿನಲ್ಲಿ ಎಲ್ಲವೂ ಕಾರಿನೊಳಗೇ ವಾಪಸು ಬರುತ್ತದೆ. ಘಾಟಿಯ ದಿನ ಮಕ್ಕಳಿಗೆ ಹಾಲು ಕೊಡಬೇಡಿ, ಹೊಟ್ಟೆ ಖಾಲಿಯೂ ಇಡಬೇಡಿ. ತೆಳು ಅವಲಕ್ಕಿಗೆ ಸಾರಿನ ಪುಡಿ, ಬೆಲ್ಲ, ಉಪ್ಪು, ಒಂದು ಚಮಚ ತೆಂಗಿನೆಣ್ಣೆ ಹಾಕಿ ಕೈಯಲ್ಲೇ ಹಿಸುಕಿ ಡಬ್ಬದಲ್ಲಿ ಇಟ್ಟುಕೊಂಡರೆ ಸಾಕು. ಕಿಟಕಿ ಸ್ವಲ್ಪ ತೆರೆಯಿರಿ, ಫೋನು ಕಿತ್ತುಕೊಳ್ಳಿ, ದೂರದ ಗುಡ್ಡ ನೋಡಲು ಹೇಳಿ.

ಬಾಯಾರಿಕೆಗೆ ಬಣ್ಣದ ನೀರು ಕೊಳ್ಳಬೇಡಿ. ಮನೆಯಿಂದ ಪುನರ್ಪುಳಿ ಶರಬತ್ತು ಒಯ್ಯಿರಿ, ದಾರಿಯಲ್ಲಿ ಎಳನೀರು ಕುಡಿಯಿರಿ. ರಾತ್ರಿ ಮನೆಗೆ ಬರುವಾಗ ಮತ್ತೆ ಪಾರ್ಸೆಲ್ ಕಟ್ಟಿಸಿಕೊಳ್ಳುವುದು ಬೇಡ. ದಿನವಿಡೀ ಕರಿದದ್ದು, ಸಿಹಿ ತಿಂದ ಹೊಟ್ಟೆ ಅದು. ಬಾಗಿಲು ತೆರೆದ ಕೂಡಲೇ ಕುಚ್ಚಲಕ್ಕಿ ತೊಳೆದು ಕುಕ್ಕರಿಗೆ ಹಾಕಿ. ಎಲ್ಲರ ಸ್ನಾನ ಮುಗಿಯುವಾಗ ಗಂಜಿ ಆಗಿರುತ್ತದೆ. ಬುತ್ತಿಯಲ್ಲಿ ಉಳಿದ ಮಿಡಿ ಉಪ್ಪಿನಕಾಯಿ, ಹುರುಳಿ ಚಟ್ನಿ ಇದ್ದರೆ ಅದು, ಒಂದು ಹಪ್ಪಳ ಸುಟ್ಟುಕೊಳ್ಳಿ.