ಹೆದರಿದ ಮಗುವಿಗೆ ಪ್ರಾಣಿಕಥೆ ಕಟ್ಟುವ ಬಗೆ

ನನ್ನ ತಂಗಿಯ ಮಗನಿಗೆ ಐದು ವರ್ಷವಾಗಿದ್ದಾಗ ಬಲೂನ್ ಒಡೆಯುವ ಸದ್ದೆಂದರೆ ಪ್ರಾಣಭಯ. ಹುಟ್ಟುಹಬ್ಬದ ಮನೆಗೆ ಕರೆದುಕೊಂಡು ಹೋದರೆ ಹೊಸ್ತಿಲಲ್ಲೇ ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡು, ಗಲ್ಲ ಮೊಣಕಾಲಿಗೆ ತಾಗುವಷ್ಟು ಮುದುಡಿ ಕುಳಿತುಬಿಡುತ್ತಿದ್ದ. ಮಕ್ಕಳಿಗೆ ಕಥೆ ಹೇಳುವುದು ನನಗೆ ಬಹುಕಾಲದ ಅಭ್ಯಾಸ. ಹಾಗಾಗಿ ಅವನಿಗೂ ಒಂದು ಕಥೆ ಕಟ್ಟಿದೆ: ಪುಕ್ಕಲು ಮೊಲವೊಂದು ಒಂದು ದಿನ ಧೈರ್ಯ ತಂದುಕೊಂಡು ಸಿಂಹದ ಎದುರು ನಿಂತು ಗದರಿಸಿತು, ಸಿಂಹ ಓಡಿಹೋಯಿತು. ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದವನು, "ದೊಡ್ಡಮ್ಮಾ, ಮೊಲಕ್ಕೆ ಈಗ ಭಯವೇ ಆಗುವುದಿಲ್ಲವೇ?" ಎಂದ. ಇಲ್ಲ ಎಂದೆ. "ಹಾಗಾದರೆ ಅದು ನನ್ನ ಹಾಗಲ್ಲ" ಎಂದು ಎದ್ದು ಹೋದ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಭಯವನ್ನು ಸೋಲಿಸುವ ಆತುರದಲ್ಲಿ ನಾನು ಮೊಲವನ್ನು ಮೊಲವಾಗಿಯೇ ಉಳಿಸಿರಲಿಲ್ಲ. ಅಂದಿನಿಂದ ಇಂತಹ ಕಥೆ ಕಟ್ಟುವಾಗ ನಾನು ಬಿಡದೆ ಪಾಲಿಸುವ ನಿಯಮ ಒಂದೇ: ಪ್ರಾಣಿ ತನ್ನ ಮೈಯಿಂದ, ತನ್ನ ಸ್ವಭಾವದಿಂದಲೇ ಭಯವನ್ನು ದಾಟಬೇಕು.

ಮೊದಲು ಭಯವನ್ನು ಸರಿಯಾಗಿ ಗುರುತಿಸಿ. "ಮಗು ಅಂಜುಬುರುಕ" ಎಂದುಕೊಂಡು ಕುಳಿತರೆ ಕಥೆ ಹುಟ್ಟುವುದಿಲ್ಲ. ಕತ್ತಲೆಯೋ, ಕತ್ತಲೆಯಲ್ಲಿ ಒಂಟಿಯಾಗುವುದೋ? ಶಾಲೆಯೋ, ಶಾಲೆಯಲ್ಲಿ ಎದ್ದುನಿಂತು ಉತ್ತರ ಹೇಳುವುದೋ? ಕೆಲವು ದಿನ ಗಮನಿಸಿ. ಕೇಳಿದರೆ ಮಕ್ಕಳು ಹೇಳಲಾರರು, ಮೈ ಹೇಳುತ್ತದೆ. ನಮ್ಮ ಹುಡುಗನಿಗೆ ಸದ್ದಿಗಿಂತಲೂ ಅದು ಯಾವಾಗ ಬರುತ್ತದೋ ಗೊತ್ತಿಲ್ಲದಿರುವುದೇ ಹೆಚ್ಚು ಕಷ್ಟವಾಗಿತ್ತು. ಇದು ತಿಳಿದ ಮೇಲೆ ಅರ್ಧ ಕಥೆ ಸಿಕ್ಕಿದ ಹಾಗಾಯಿತು. ಆದರೆ ಬಲೂನನ್ನೇ ಕಥೆಗೆ ತರಬೇಡಿ. ತನ್ನ ಗುಟ್ಟನ್ನು ಬಯಲಿಗೆ ಎಳೆದಂತಾಗಿ ಮಗು ಅಲ್ಲಿಯೇ ಕಿವಿ ಮುಚ್ಚಿಕೊಳ್ಳುತ್ತದೆ. ಅದರ ಒಂದು ದೂರದ ನೆಂಟನನ್ನು ಹುಡುಕಿ. ನನಗೆ ಸಿಕ್ಕಿದ್ದು ಬಿಸಿಲಿಗೆ ಒಣಗಿ ಪಟ್ಟನೆ ಸಿಡಿಯುವ ಬೀಜದ ಕಾಯಿ.

ಇನ್ನು ಪ್ರಾಣಿಯ ಆಯ್ಕೆ. ಇಲ್ಲಿ ಅವಸರ ಬೇಡ. ಸಾಮಾನ್ಯವಾಗಿ ನಾವು ಬೈಗುಳದ ಪಟ್ಟಿಯಿಂದಲೇ ಪ್ರಾಣಿಗಳನ್ನು ಆರಿಸುತ್ತೇವೆ. ನರಿ ಎಂದರೆ ಕುತಂತ್ರಿ, ಕತ್ತೆ ಎಂದರೆ ದಡ್ಡ, ಗೋಸುಂಬೆ ಎಂದರೆ ಮಾತು ಬದಲಿಸುವವನು. ನಿಜವಾದ ಗೋಸುಂಬೆಯನ್ನೇ ನೋಡಿ. ಅದರ ಬಣ್ಣ ಬದಲಾಗುವುದು ಬಹುಪಾಲು ಮನಃಸ್ಥಿತಿಗೆ, ಬಿಸಿಲು ಚಳಿಗೆ, ಎದುರಿರುವ ಇನ್ನೊಂದು ಗೋಸುಂಬೆಗೆ ಸಂದೇಶ ಕೊಡುವುದಕ್ಕೆ. ಒಳಗಿರುವುದನ್ನು ಮೈಮೇಲೆಯೇ ತೋರಿಸುವ ಆ ಪ್ರಾಣಿಯನ್ನು ಕಪಟಿ ಮಾಡಿದವರು ನಾವು. ಎಲ್ಲರ ಎದುರು ಮುಖ ಕೆಂಪಾಗುವ ನಾಚಿಕೆಯ ಮಗುವಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಗುವುದು ಕಷ್ಟ.

ಆದ್ದರಿಂದ ಪ್ರತಿ ಪ್ರಾಣಿ ಹೇಗೆ ಹೆದರುತ್ತದೆ ಎಂಬುದನ್ನು ಓದಿ ತಿಳಿಯಿರಿ. ಮೊಲ ಓಡುವ ಮೊದಲು ಕಲ್ಲಿನಂತೆ ನಿಲ್ಲುತ್ತದೆ. ಮುಳ್ಳುಹಂದಿ ಮುಳ್ಳುಗಳನ್ನು ನಿಮಿರಿಸಿ ಗಲಗಲ ಅಲ್ಲಾಡಿಸುತ್ತದೆ (ಬಾಣದಂತೆ ಎಸೆಯುವುದಿಲ್ಲ, ದಯವಿಟ್ಟು ಹಾಗೆ ಬರೆಯಬೇಡಿ). ಮುದುಡಿ ಕೂರುವ ನಮ್ಮ ಹುಡುಗನಿಗೆ ನಾನು ಆರಿಸಿದ್ದು ಚಿಪ್ಪುಹಂದಿ. ಹೆದರಿದಾಗ ಅದು ಚೆಂಡಿನಂತೆ ಸುರುಳಿಯಾಗುತ್ತದೆ. ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದ ಅದರ ಚಿಪ್ಪುಗಳನ್ನು ಬಿಡಿಸುವುದು ಚಿರತೆಗೂ ಸುಲಭವಲ್ಲ. ಕಣ್ಣು ಮಂದ, ಮೂಗು ಬಹಳ ಚುರುಕು. ಇರುವೆಗಳು ನುಗ್ಗದಂತೆ ಕಿವಿಯನ್ನು ಮುಚ್ಚಿಕೊಳ್ಳಬಲ್ಲದು! ಅಂಗೈ ಒತ್ತಿಕೊಂಡು ಕೂರುವ ಮಗುವಿಗೆ ಇದನ್ನು ಹೇಳಿದಾಗ ಅದರ ಮುಖ ನೋಡಬೇಕು.

ಪ್ರಾಣಿಗೆ ಹೆಸರಿಡುವಾಗ "ಪುಕ್ಕಲ" ಎಂದಂತೂ ಇಡಬೇಡಿ.

ಭಯದ ದೃಶ್ಯ ಬರೆಯುವಾಗ "ಹೆದರಿತು" ಎಂಬ ಪದವನ್ನೇ ಬಿಟ್ಟುಬಿಡಿ. ನನ್ನ ಕಥೆಯ ತುಣುಕು ಹೀಗಿದೆ:

"ಮಧ್ಯಾಹ್ನ. ಬಿಲದೊಳಗೆ ಮರಿ ಚಿಪ್ಪುಹಂದಿ ಅಮ್ಮನ ಬಾಲದ ಮೇಲೆ ಮಲಗಿತ್ತು. ಹೊರಗೆ ಪಟ್! ಮರಿಯ ಮೂಗು ಹೊಟ್ಟೆಯೊಳಗೆ ಹೋಯಿತು. ಬಾಲ ಮೂಗಿನ ಮೇಲೆ ಬಂತು. ಒಳಗೆ ಕತ್ತಲೆ, ಬೆಚ್ಚಗೆ, ತನ್ನದೇ ಉಸಿರಿನ ಸದ್ದು. ಒಂದು. ಎರಡು. ಮೂರು. ಮತ್ತೆ ಪಟ್!"

ಎಣಿಕೆಯನ್ನು ನಿಧಾನವಾಗಿ ಹೇಳಿ. ಮಗು ನಿಮ್ಮ ಜೊತೆ ಉಸಿರಾಡತೊಡಗುತ್ತದೆ.

ಈಗ ತಿರುವು. ಇಲ್ಲಿ ಮುದಿ ಗೂಬೆಯೊಂದು ಬಂದು ಉಪದೇಶ ಮಾಡಿದರೆ ಕಥೆ ಅಲ್ಲಿಗೆ ಸತ್ತಿತು. ಪಂಚತಂತ್ರದ ನರಿ ಮತ್ತು ನಗಾರಿಯ ಕಥೆ ನನಗೆ ಇಂದಿಗೂ ಪಾಠ. ಹಸಿದ ನರಿ ರಣರಂಗದಲ್ಲಿ ಭಯಂಕರ ಸದ್ದು ಕೇಳಿ ಓಡಬೇಕೆಂದುಕೊಳ್ಳುತ್ತದೆ. ಆದರೂ ಏನೆಂದು ನೋಡಿಯೇ ಬಿಡೋಣ ಎಂದು ಹತ್ತಿರ ಹೋಗುತ್ತದೆ. ನೋಡಿದರೆ, ಗಾಳಿಗೆ ಅಲ್ಲಾಡುವ ಕೊಂಬೆ ನಗಾರಿಗೆ ಬಡಿಯುತ್ತಿದೆ. ನರಿಯನ್ನು ಮುಂದಕ್ಕೆ ನಡೆಸಿದ್ದು ಅದರದೇ ಕುತೂಹಲ. ನನ್ನ ಮರಿಗೂ ಹಾಗೆಯೇ ಆಯಿತು. ಅದು ಸುರುಳಿಯನ್ನು ಪೂರ್ತಿ ಬಿಚ್ಚಲಿಲ್ಲ. ಮೂಗಿನಷ್ಟು ಸಂದು ಮಾತ್ರ ಬಿಟ್ಟು ಮೂಸಿತು. ಚಿರತೆಯ ವಾಸನೆ ಇಲ್ಲ. ಒಣಗಿದ ಕಾಯಿಯ ವಾಸನೆ. ಸಂಜೆ ಕತ್ತಲಾದ ಮೇಲೆ ಹೊರಗೆ ಬಂದು, ಸಿಡಿದು ಸುರುಳಿಯಾದ ಸಿಪ್ಪೆಯನ್ನು ನೋಡಿತು. "ಇದೂ ನನ್ನ ಹಾಗೆಯೇ ಸುತ್ತಿಕೊಂಡಿದೆ" ಎಂದಿತು. ಮರುದಿನ ಪಟ್ ಎಂದಾಗ ಮತ್ತೆ ಮುದುಡಿತು. ಎರಡು ಎಣಿಸುವಷ್ಟರಲ್ಲಿ ಮೂಗು ಹೊರಗಿತ್ತು.

ಮತ್ತೆ ಮುದುಡಿತು ಎಂಬ ಆ ವಾಕ್ಯವನ್ನು ಅಳಿಸಬೇಡಿ. ಮುದುಡುವುದು ತಪ್ಪಲ್ಲ, ಚಿರತೆ ಬಂದ ದಿನ ಮರಿಯನ್ನು ಕಾಪಾಡುವುದು ಅದೇ. ಭಯವೆಲ್ಲ ಸುಳ್ಳು ಎಂದು ಮಗುವಿಗೆ ಹೇಳಿಕೊಡಲು ನಮಗೆ ಹಕ್ಕಿಲ್ಲ.

"ನೀನು ನೀನಾಗಿರು" ಎಂಬ ಬಗೆಯ ಕಥೆಗಳಲ್ಲಿ ಇನ್ನೊಂದು ಅಪಾಯವಿದೆ. ಬೇರೆಯಾಗಿ ಕಾಣುವ ಪ್ರಾಣಿಯನ್ನು ಎಲ್ಲರೂ ಹಂಗಿಸುತ್ತಾರೆ. ಕೊನೆಗೆ ಅದು ಹಿಂಡನ್ನು ಕಾಪಾಡುತ್ತದೆ. ಆಮೇಲೆ ಎಲ್ಲರೂ ಅಪ್ಪಿಕೊಳ್ಳುತ್ತಾರೆ. ಕೇಳಲು ಚೆನ್ನ. ಆದರೆ ಮಗುವಿನ ಮನಸ್ಸಿಗೆ ಇಳಿಯುವುದೇನು? ಉಪಕಾರಕ್ಕೆ ಬಂದರೆ ಮಾತ್ರ ನನಗೆ ಜಾಗ. ನನ್ನ ಕಥೆಗಳಲ್ಲಿ ಯಾವ ಸಾಹಸಕ್ಕೂ ಮೊದಲೇ ಒಬ್ಬರಾದರೂ ಆ ಪ್ರಾಣಿಯನ್ನು ಇದ್ದ ಹಾಗೆ ಇಷ್ಟಪಟ್ಟಿರುತ್ತಾರೆ. ಚಿಪ್ಪುಹಂದಿಯ ಅಮ್ಮ "ಬಿಚ್ಚು" ಎನ್ನುವುದಿಲ್ಲ. ಮುದುಡಿದ ಮರಿಯ ಸುತ್ತ ತಾನೂ ಸುರುಳಿಯಾಗುತ್ತಾಳೆ. ನಿಜವಾದ ತಾಯಿ ಚಿಪ್ಪುಹಂದಿ ಮಾಡುವುದೂ ಅದನ್ನೇ.

ನೀಲಿ ಬಣ್ಣದ ತೊಟ್ಟಿಗೆ ಬಿದ್ದು ರಾಜನಾದ ನರಿಯ ಕಥೆಯನ್ನು ತೀರ ಚಿಕ್ಕವರಿಗೆ ಹೇಳುವಾಗಲೂ ಎಚ್ಚರವಿರಲಿ. ಅದು ರಾಜನೀತಿಯ ಕಥೆ. ತನ್ನವರ ಕೂಗು ಕೇಳಿ ತಾನೂ ಊಳಿಟ್ಟ ನರಿ ಪ್ರಾಣ ಕಳೆದುಕೊಳ್ಳುತ್ತದೆ. ತರಗತಿಯಲ್ಲಿ ಬಾಯಿ ಬಿಡಲು ಅಂಜುವ ಮಗು ಇದನ್ನು ಹೇಗೆ ಅರ್ಥಮಾಡಿಕೊಳ್ಳುತ್ತದೆ ಎಂದು ಯೋಚಿಸಿ: ನನ್ನ ದನಿ ಹೊರಬಿದ್ದರೆ ಮುಗಿಯಿತು! ಅಂತಹ ಮಗುವಿಗೆ, ದನಿಯಿಂದಲೇ ತನ್ನವರು ಸಿಗುವ ಕಥೆ ಬೇಕು.

ಹೇಳುವ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದಾರು ನಿಮಿಷ ಸಾಕು. ಭಯ ಏರಿರುವ ಹೊತ್ತಿನಲ್ಲಿ ಬೇಡ, ಮಗು ನೆಮ್ಮದಿಯಾಗಿರುವಾಗ ಹೇಳಿ. ಮುಗಿದ ಮೇಲೆ "ಇದರಿಂದ ಏನು ಕಲಿತೆ?" ಎಂದು ಕೇಳಬೇಡಿ. ಇನ್ನೊಂದು ಬಹಳ ಮುಖ್ಯ: ಹೆದರಿಸುವ ಸದ್ದನ್ನು ಮಗುವಿನ ಕೈಗೆ ಕೊಡಿ. ಮೊದಲ ದಿನ ನಾನು "ಪಟ್" ಎಂದು ಪಿಸುಗುಟ್ಟಿದೆ. ಮೂರನೆಯ ದಿನ ಹುಡುಗ, "ಸದ್ದು ನಾನು ಮಾಡುತ್ತೇನೆ, ನೀವು ಚಿಪ್ಪುಹಂದಿ ಆಗಿ" ಎಂದ. ನಾನು ಚಾಪೆಯ ಮೇಲೆ ಮುದುಡಿ ಮಲಗಿದೆ. ಅವನು ಬೇಕೆಂದೇ ತಡಮಾಡಿದ. ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಾ ನನಗೇ ಮೈ ಬಿಗಿಯಾಯಿತು. ಚಪ್ಪಾಳೆಯಂತಹ ಸದ್ದು ಬಿದ್ದಾಗ ನಿಜವಾಗಿ ಬೆಚ್ಚಿದೆ. ಅವನು ನನ್ನ ಬೆನ್ನ ಮೇಲೆ ಕೈಯಿಟ್ಟು ಎಣಿಸತೊಡಗಿದ: "ಒಂದು. ಎರಡು. ಮೂಸಿ ನೋಡಿ ದೊಡ್ಡಮ್ಮಾ, ಚಿರತೆ ಇದೆಯೇ?"

ಮಗು ಹೀಗೆ ಕಥೆಯನ್ನು ತಿದ್ದಿದರೆ ತಕ್ಷಣ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದನ್ನೇ ಹೇಳಿ.