ಬೋರ್ಡಿನ ಮೇಲ್ತುದಿಗೆ ಕೈ ತಲುಪುವವರೆಗೆ

2022ರ ಸೆಪ್ಟೆಂಬರಿನಲ್ಲಿ ಆಪರೇಷನ್ ಮಾಡಿ ನನ್ನ ಬಲಗಡೆಯ ಸ್ತನ ತೆಗೆದರು. ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. 11ನೇ ದಿನ ಡ್ರೈನ್ ಟ್ಯೂಬ್ ಬಿಚ್ಚಿದರು, ಹೊಲಿಗೆ ಚೆನ್ನಾಗಿ ಕೂಡಿಕೊಂಡಿತು. ಕ್ಯಾನ್ಸರ್ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ಬರೆಯುತ್ತಿರುವುದು ಆಮೇಲೆ ಹಿಡಿದುಕೊಂಡ ಭುಜದ ಬಗ್ಗೆ. ಯಾಕೆಂದರೆ ಅದರ ಬಗ್ಗೆ ನನಗೆ ಯಾರೂ ಮೊದಲೇ ಬಾಯಿಬಿಟ್ಟು ಹೇಳಿರಲಿಲ್ಲ.

ಮನೆಗೆ ಬಂದ ಮೇಲೆ ಆ ಕೈಯನ್ನು ಹಸುಗೂಸಿನ ಹಾಗೆ ನೋಡಿಕೊಂಡೆ. ಸೆರಗಿನೊಳಗೆ ಮಡಚಿ ಎದೆಗೆ ಒತ್ತಿಕೊಂಡೇ ಕೂರುತ್ತಿದ್ದೆ. "ಆಡಿಸಬೇಡ ಕಣಮ್ಮ, ಒಳಗಿನ ಹೊಲಿಗೆ ಬಿಚ್ಚಿಕೊಂಡೀತು" ಅಂತ ಅತ್ತೆ. ಲೋಟ ಎತ್ತಲು ಹೋದರೂ ಮಗಳು ಓಡಿ ಬರುತ್ತಿದ್ದಳು. ಗ್ರಂಥಿ ತೆಗೆದಿದ್ದಾರೆ, ಕೈ ಊದಿಕೊಳ್ಳಬಹುದು ಅಂತ ಡಾಕ್ಟರ್ ಹೇಳಿದ್ದ ಮಾತೊಂದೇ ನನ್ನ ತಲೆಯಲ್ಲಿ ಕೂತಿತ್ತು. ಡಿಸ್ಚಾರ್ಜ್ ದಿನ ವ್ಯಾಯಾಮದ ಚಿತ್ರಗಳಿದ್ದ ಒಂದು ಹಾಳೆ ಕೊಟ್ಟಿದ್ದರು. ಯಾರೂ ಮಾಡಿ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಅದು ಫೈಲಿನಲ್ಲೇ ಉಳಿಯಿತು. ಅಷ್ಟರಲ್ಲಿ ಕೀಮೋ ಶುರುವಾಯಿತು. ವಾಂತಿ, ಸುಸ್ತು, ಬಾಯಿಹುಣ್ಣು. ಕೈ ಯಾರಿಗೆ ನೆನಪಿರುತ್ತೆ? ರಾತ್ರಿ ಭುಜ ಸಿಡಿಯುತ್ತಿತ್ತು. ಅದೂ ಕೀಮೋದ್ದೇ ನೋವು ಅಂದುಕೊಂಡೆ.

ಗೊತ್ತಾಗಿದ್ದು ಮುಂದಿನ ಮಾರ್ಚ್‌ನಲ್ಲಿ, ರೇಡಿಯೇಷನ್‌ಗೆ ಅಳತೆ ತೆಗೆಯುವ ದಿನ. ಸ್ಕ್ಯಾನ್ ಮೇಜಿನ ಮೇಲೆ ಅಂಗಾತ ಮಲಗಿಸಿ, "ಎರಡೂ ಕೈ ತಲೆಯ ಮೇಲಕ್ಕೆ ತನ್ನಿ ಅಮ್ಮ" ಅಂದರು. ಎಡಗೈ ಹೋಯಿತು. ಬಲಗೈ ಭುಜದ ಮಟ್ಟಕ್ಕೂ ಬರಲಿಲ್ಲ. ಅಲ್ಲಿದ್ದ ಹುಡುಗ ಮೆಲ್ಲಗೆ ಹಿಡಿದು ಎತ್ತಿ ನೋಡಿದ. ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಒಂದು ಕಡೆ ಗಟ್ಟಿಯಾಗಿ ನಿಂತುಬಿಟ್ಟಿತು. ದಿನಾ ಒಂದೇ ಭಂಗಿಯಲ್ಲಿ ಕೈ ಮೇಲೆತ್ತಿ ಅಲುಗಾಡದೆ ಮಲಗಬೇಕು, ಇಲ್ಲದಿದ್ದರೆ ಕಿರಣ ಸರಿಯಾದ ಜಾಗಕ್ಕೆ ಬೀಳುವುದಿಲ್ಲ ಅಂದರು ರೇಡಿಯೇಷನ್ ಡಾಕ್ಟರ್. "3 ವಾರ ಟೈಮ್ ಕೊಡುತ್ತೇನೆ. ಫಿಸಿಯೋ ಮಾಡಿಸಿಕೊಂಡು ಬನ್ನಿ." ಆವತ್ತು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತೆ. ಕ್ಯಾನ್ಸರ್ ಅಂದಾಗಲೂ ಅಷ್ಟು ಅತ್ತಿರಲಿಲ್ಲ.

ಫಿಸಿಯೋ ಹುಡುಗಿ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಮೊದಲು ಕೋನ ಅಳೆದಳು. ಮುಂದಕ್ಕೆ ಎತ್ತಿದರೆ 75 ಡಿಗ್ರಿ. ಸಾಮಾನ್ಯವಾಗಿ 180ರ ಹತ್ತಿರ ಹೋಗಬೇಕು. ಮೊಣಕೈ ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸಲು ಹೇಳಿದಳು. ಅದು ಹೆಚ್ಚುಕಡಿಮೆ ತಿರುಗಲೇ ಇಲ್ಲ. ಹೀಗೆ ಭುಜ ಬಿಗಿದು ಹಿಡಿದುಕೊಳ್ಳುವುದಕ್ಕೆ ಫ್ರೋಜನ್ ಶೋಲ್ಡರ್ ಅನ್ನುತ್ತಾರೆ, ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಳೆದುಹೋಗುವುದು ಆ ತಿರುವೇ ಅಂತೆ. ಭುಜದ ಕೀಲಿನ ಸುತ್ತ ತೆಳ್ಳಗಿನ ಚೀಲದಂತೆ ಒಂದು ಪೊರೆ ಇರುತ್ತದೆ. ಕೈ ಎತ್ತಿದಾಗ ಬಿಚ್ಚಿಕೊಳ್ಳಲು ಅದರಲ್ಲಿ ಮಡಿಕೆಗಳಿರುತ್ತವೆ. ಉರಿಯೂತ ಬಂದರೆ, ಜೊತೆಗೆ ಕೈ ಆಡಿಸದೇ ಇದ್ದರೆ, ಆ ಪೊರೆ ದಪ್ಪಗಾಗಿ ಕುಗ್ಗಿ ಅಂಟಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬರುವುದು ಹೆಚ್ಚು. ನನಗಾಗ 49 ವರ್ಷ, ಶುಗರ್ ಬಂದು 8 ವರ್ಷವಾಗಿತ್ತು. ಇಷ್ಟೆಲ್ಲ ಇದ್ದೂ ನಾನು ಕೈಯನ್ನು 5 ತಿಂಗಳು ಸುಮ್ನೆ ಇಟ್ಟುಕೊಂಡಿದ್ದೆ.

ಇನ್ನೊಂದನ್ನೂ ಆಕೆಯೇ ಕಂಡುಹಿಡಿದಿದ್ದು. ಕೈಯನ್ನು ಪಕ್ಕಕ್ಕೆ ಚಾಚಿಸಿ ಕಂಕುಳಿನ ಚರ್ಮ ಎಳೆದು ತೋರಿಸಿದಳು. ಕಂಕುಳಿನಿಂದ ಮೊಣಕೈ ಕಡೆಗೆ ಚರ್ಮದಡಿ ಒಂದು ದಾರ ಬಿಗಿದ ಹಾಗಿತ್ತು, ವೀಣೆಯ ತಂತಿಯಂತೆ. ಮುಟ್ಟಿದರೆ ಉಬ್ಬಿ ಸಿಗುತ್ತಿತ್ತು. ಗ್ರಂಥಿ ತೆಗೆದ ಮೇಲೆ ಕೆಲವರಿಗೆ ಹೀಗಾಗುತ್ತದೆ, ಇದಕ್ಕೆ ಕಾರ್ಡಿಂಗ್ ಅನ್ನುತ್ತಾರೆ ಅಂದಳು. ಆಕೆ ಬೆರಳಿನಿಂದ ಅದರ ಉದ್ದಕ್ಕೂ ನಿಧಾನವಾಗಿ ನೀವುತ್ತಿದ್ದಳು. ಮೂರನೇ ವಾರದಲ್ಲಿ ಒಂದು ದಿನ ಸಣ್ಣಗೆ 'ಟಕ್' ಅಂದ ಹಾಗಾಯಿತು. ನಾನು ಹೆದರಿ ಕಣ್ಣು ಮುಚ್ಚಿದೆ. ಆಮೇಲೆ ನೋಡಿದರೆ ಕೈ ಎರಡು ಬೆರಳಷ್ಟು ಮೇಲೆ ಹೋಗಿತ್ತು. ನೀವೇ ಎಳೆದು ಹರಿಯಲು ಹೋಗಬೇಡಿ, ಅದು ಗೊತ್ತಿರುವವರ ಕೈಯಲ್ಲೇ ಆಗಬೇಕು.

ಮನೆಯಲ್ಲಿ ಮಾಡಿದ್ದು ಇಷ್ಟು. ಬೆಳಿಗ್ಗೆ ಎದ್ದ ಕೂಡಲೇ ಎಡಗೈಯನ್ನು ಊಟದ ಮೇಜಿಗೆ ಊರಿ, ಸೊಂಟ ಬಗ್ಗಿಸಿ, ಬಲಗೈ ಜೋತುಬಿಡುವುದು. ದೇವಸ್ಥಾನದ ಗಂಟೆಯ ನಾಲಗೆ ಹೇಗೆ ತೂಗುತ್ತೆ, ಹಾಗೆ ಮೈ ತೂಗಿಸಿದರೆ ಕೈ ತಾನೇ ತೂಗಬೇಕು. ಭುಜದಿಂದ ಬಲ ಹಾಕಬಾರದು. ಆಮೇಲೆ ಅಂಗಾತ ಮಲಗಿ, ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಕಡೆಗೆ ಒಯ್ಯುವುದು. ಎತ್ತುವುದು ಎಡಗೈ, ಬಲಗೈ ಜೊತೆಗೆ ಹೋಗುತ್ತದೆ ಅಷ್ಟೇ. ಅದೇ ಛತ್ರಿಯಿಂದ ಬಲಗೈಯನ್ನು ಹೊರಕ್ಕೆ ತಳ್ಳುವುದೂ ಇತ್ತು. ಅತಿ ಹೆಚ್ಚು ನೋವು ಕೊಟ್ಟಿದ್ದು ಇದು, ಅತಿ ಹೆಚ್ಚು ಉಪಕಾರ ಮಾಡಿದ್ದೂ ಇದೇ.

ಮೂರನೆಯದು ಗೋಡೆ. ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸುವುದು. ಎಲ್ಲಿಗೆ ನಿಲ್ಲುತ್ತೋ ಅಲ್ಲಿ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು. ಮೊದಲ ವಾರ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದಿವೆ. ಒಂದು ದಿನವಂತೂ ಹಿಂದಿನ ದಿನಕ್ಕಿಂತ ಕೆಳಗಿದೆ. ಆ ದಿನ ಕೈಬಿಡಬೇಕು ಅನ್ನಿಸಿತ್ತು. ಆಮೇಲೆ ನನ್ನ ಯಜಮಾನರು ಹಳೇ ಬಾವಿ ರಾಟೆಯೊಂದನ್ನು ಹುಡುಕಿ ತಂದು ಹಿತ್ತಲ ಬಾಗಿಲ ಮೇಲೆ ಕಟ್ಟಿದರು. ಕುರ್ಚಿಯಲ್ಲಿ ಕೂತು ಎಡಗೈಯಿಂದ ಹಗ್ಗ ಜಗ್ಗಿದರೆ ಬಲಗೈ ಮೇಲೇರುತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜಿಮನೆಯಲ್ಲಿ ನೀರು ಸೇದಿದ್ದು ನೆನಪಾಗಿ, ಅದೊಂದನ್ನು ಮಾತ್ರ ಖುಷಿಯಿಂದ ಮಾಡುತ್ತಿದ್ದೆ.

ಫಿಸಿಯೋ ಎರಡು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಂದು, ಕನ್ನಡಿ ಮುಂದೆ ಮಾಡಬೇಕು. ಕೈ ಏರದಿದ್ದಾಗ ನಮಗೆ ಗೊತ್ತಿಲ್ಲದೇ ಭುಜವನ್ನೇ ಕಿವಿಯ ಹತ್ತಿರ ಎತ್ತಿಬಿಡುತ್ತೇವೆ. ಕೈ ಮೇಲೆ ಹೋಯಿತು ಅಂತ ಅನ್ನಿಸುತ್ತದೆ, ಆದರೆ ಕೀಲು ಅಲ್ಲೇ ಇರುತ್ತದೆ. ಇನ್ನೊಂದು, ನೋವಿನ ಲೆಕ್ಕ. "ಟೀಚರ್, ನೋವಿನ ಮನೆ ಬಾಗಿಲವರೆಗೆ ಹೋಗಿ ಬನ್ನಿ, ಒಳಗೆ ನುಗ್ಗಬೇಡಿ" ಅನ್ನುತ್ತಿದ್ದಳು. ಮಾಡುವಾಗ ಎಳೆದ ಹಾಗಾಗಬೇಕು. ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಇಳಿಯಬೇಕು. ರಾತ್ರಿಯವರೆಗೂ ನೋವು ಉಳಿದರೆ ಆವತ್ತು ಜಾಸ್ತಿಯಾಗಿದೆ ಅಂತಲೇ ಅರ್ಥ. ಹಾಗಾಗಿ ಒಂದೇ ಸಲ ಮುಕ್ಕಾಲು ಗಂಟೆ ಮಾಡುವುದನ್ನು ಬಿಟ್ಟು, ದಿನಕ್ಕೆ 4 ಸಲ, ಸಲಕ್ಕೆ 10 ನಿಮಿಷ ಮಾಡತೊಡಗಿದೆ. ಗೋಡೆಯ ಗೆರೆಗಳು ಅಲ್ಲಿಂದಲೇ ಬೇರೆಬೇರೆಯಾಗಿ ಕಾಣಿಸುತ್ತವೆ.

ಒಂದು ತಪ್ಪು ಹೇಳಲೇಬೇಕು. ಭುಜಕ್ಕೆ ಹಿತವಾಗುತ್ತೆ ಅಂತ ಬಿಸಿನೀರಿನ ಬ್ಯಾಗನ್ನು ತೋಳಿನ ಒಳಭಾಗಕ್ಕೆ ಒತ್ತಿ ಮಲಗಿದ್ದೆ. ಎದ್ದು ನೋಡಿದರೆ ಬೊಬ್ಬೆ. ಕಂಕುಳಿನ ಆಪರೇಷನ್‌ನಲ್ಲಿ ಅಲ್ಲಿಯ ನರಕ್ಕೆ ಪೆಟ್ಟಾಗಿ ಆ ಜಾಗ ಜೋಮು ಹಿಡಿದಿತ್ತು, ಸುಡುವುದು ತಿಳಿಯಲೇ ಇಲ್ಲ. ಗ್ರಂಥಿ ತೆಗೆದ ಕೈಗೆ ಗಾಯವಾದರೆ ಸೋಂಕು, ಊತ ಎರಡೂ ಭಯ. ನಾಲ್ಕು ದಿನ ವ್ಯಾಯಾಮ ನಿಂತಿತು. ಬೇರೆ ಕಾರಣಕ್ಕೆ ಭುಜ ಹಿಡಿದವರಿಗೆ ಬಿಸಿ ಶಾಖ ಒಳ್ಳೆಯದಿರಬಹುದು. ನನ್ನಂಥವರು ಕೇಳದೇ ಮಾಡಬೇಡಿ. ಎಣ್ಣೆ ಹಚ್ಚಿ ಜಗ್ಗಿ ಬಿಡಿಸುತ್ತೇನೆ ಅನ್ನುವವರ ಹತ್ತಿರ ಅಂತೂ ಹೋಗಲೇಬೇಡಿ.

3 ವಾರಕ್ಕೆ ಕೈ 125 ಡಿಗ್ರಿ ಮುಟ್ಟಿತು. ಅದೇ ಮೇಜು, ಅದೇ ಹುಡುಗ. ತಲೆಯ ಮೇಲಿನ ಆಸರೆಯ ಮೇಲೆ ಬಲಗೈ ಕೂತಿತು. ನಡುಗುತ್ತಿತ್ತು, ಆದರೆ ಕೂತಿತು. 15 ದಿನದ ರೇಡಿಯೇಷನ್ ಮುಗಿಯಿತು. ಪ್ರತಿದಿನ ಮೇಜಿಗೆ ಹತ್ತುವ ಮುಂಚೆ ಆಸ್ಪತ್ರೆ ಕಾರಿಡಾರಿನ ಗೋಡೆಗೆ ಬೆರಳು ಹತ್ತಿಸಿಯೇ ಒಳಗೆ ಹೋಗುತ್ತಿದ್ದೆ. ರೇಡಿಯೇಷನ್ ಆದ ಮೇಲೂ ಎದೆಯ ಸ್ನಾಯು ತಿಂಗಳುಗಟ್ಟಲೆ ಬಿಗಿಯುತ್ತಾ ಹೋಗಬಹುದು, ಬಿಡಬೇಡಿ ಅಂದರು. ಬಿಡಲಿಲ್ಲ.

ಜೂನ್‌ನಲ್ಲಿ ಶಾಲೆಗೆ ಹೋದೆ. ಬೋರ್ಡಿನ ಮೇಲ್ತುದಿಯಲ್ಲಿ ವಾರ, ದಿನಾಂಕ ಬರೆದೇ ಪಾಠ ಶುರು ಮಾಡುವುದು ನನ್ನ 24 ವರ್ಷದ ರೂಢಿ. ಆ ದಿನ ಬೋರ್ಡಿನ ನಡುವೆ ಬರೆದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು, ಏನೂ ಕೇಳದೆ ಸೀಮೆಸುಣ್ಣ ತೆಗೆದುಕೊಂಡು, ತುದಿಗಾಲಲ್ಲಿ ನಿಂತು ಮೇಲೆ ಬರೆದಳು. ದೀಪಾವಳಿ ರಜೆ ಮುಗಿಯುವವರೆಗೂ ಅವಳೇ ಬರೆದಳು. ಆಮೇಲೆ ನಾನು ಬರೆದೆ.

ಕೊನೆಗೆ ಉಳಿದಿರುವುದು ಬೆನ್ನ ಹಿಂದೆ ಕೈ ತರುವುದು. ಎಡಗೈ ಬೆನ್ನಿನ ನಡುವಿಗೆ ಹೋಗುತ್ತೆ, ಬಲಗೈ ಇನ್ನೂ ನಾಲ್ಕು ಬೆರಳು ಕೆಳಗೇ ನಿಲ್ಲುತ್ತದೆ. ಬ್ರಾ ಹುಕ್ಕನ್ನು ಮುಂದೆ ಹಾಕಿ ಹಿಂದಕ್ಕೆ ತಿರುಗಿಸಿಕೊಳ್ಳುತ್ತೇನೆ. ರಾತ್ರಿ ಮಲಗುವ ಮುಂಚೆ ಬೈರಾಸು ಬೆನ್ನ ಹಿಂದೆ ಇಳಿಬಿಟ್ಟು, ಕೆಳತುದಿಯನ್ನು ಬಲಗೈಯಲ್ಲಿ ಹಿಡಿದು, ಎಡಗೈಯಿಂದ ಮೇಲಕ್ಕೆ 10 ಸಲ ಎಳೆಯುತ್ತೇನೆ. ಮೊನ್ನೆ ಮಗಳು ಅಳೆದು ನೋಡಿ, "ಮೂರೂವರೆ ಬೆರಳು ಅಮ್ಮ" ಅಂದಳು.