ಬೆಲ್ಲ ಕೆರೆಗೆ ಇಳಿದದ್ದು

ಲ್ಯಾಬ್ರಡಾರ್ ಅಂದರೆ ನೀರಿನ ನಾಯಿ, ಅದಕ್ಕೇನು ಈಜು ಕಲಿಸೋದು ಅಂತ ಎಲ್ಲರೂ ಹೇಳಿದ್ದರು. ನಾನೂ ನಂಬಿದ್ದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೀನುಗಾರರ ಜೊತೆ ಇದ್ದು, ಬಲೆ ಎಳೆದು, ತಪ್ಪಿಸಿಕೊಂಡ ಮೀನು ಹಿಡಿದು ತರುತ್ತಿದ್ದ ನಾಯಿಗಳ ವಂಶ ಅಲ್ವಾ? ಬೆರಳುಗಳ ನಡುವೆ ಚರ್ಮ, ಎರಡು ಪದರದ ಕೂದಲು, ಬುಡ ದಪ್ಪಗಿರುವ ಬಾಲ. ನಮ್ಮ ಬೆಲ್ಲನಿಗೆ ಇವೆಲ್ಲ ಇದ್ದವು. ಆದರೆ ಎಂಟು ತಿಂಗಳಾದರೂ ತೋಟದ ಕೆರೆಯ ಮೆಟ್ಟಿಲ ಮೇಲೆ ನಿಂತು ನೀರಿಗೆ ಬೊಗಳುತ್ತಿದ್ದ.

“ಎತ್ತಿ ಬಿಸಾಕಿ ಮಾರಾಯ್ರೇ, ತಾನೇ ಕಲೀತದೆ” ಅಂದರು ಪಕ್ಕದ ತೋಟದವರು. ಬಿಸಾಕಲಿಲ್ಲ, ಆದರೆ ಎತ್ತಿಕೊಂಡು ಹೋಗಿ ಎದೆಮಟ್ಟದ ನೀರಲ್ಲಿ ಬಿಟ್ಟೆ. ಅದೂ ಅದೇ ತಪ್ಪು. ಹಿಂಗಾಲು ಮುಳುಗಿ ನೆಟ್ಟಗೆ ನಿಂತ ಹಾಗಾಗಿ, ಮುಂಗಾಲಲ್ಲಿ ನೀರು ಬಡಿಯುತ್ತಾ ನನ್ನ ಮೈಮೇಲೇ ಹತ್ತಿದ. ಎದೆ ಮೇಲಿನ ಗೀರು ಮಾಯಲು ಎರಡು ವಾರ ಬೇಕಾಯಿತು. ಅವನು ಕೆರೆ ಹತ್ತಿರ ಬರಲು ಒಂದು ತಿಂಗಳು.

ಶಿವರಾತ್ರಿ ಕಳೆದು ಸೆಕೆ ಶುರುವಾದ ಮೇಲೆ ಮತ್ತೆ ಮೊದಲಿಂದ ಹಿಡಿದೆ. ಮೊದಲು ಅಂಗಳದಲ್ಲಿ ಎಸೆದದ್ದನ್ನು ತಂದು ಕೈಗೆ ಕೊಡುವುದು. ತೆಂಗಿನ ಸಿಪ್ಪೆ ಎಸೆದರೆ ಕಚ್ಚಿ ನಾರು ನುಂಗುತ್ತಿದ್ದ, ಅದಕ್ಕೆ ಖಾಲಿ ಬಾಟಲಿಗೆ ಹಳೇ ಲುಂಗಿ ಸುತ್ತಿ ಬಿಗಿಯಾಗಿ ಹೊಲಿದೆ. ಚೆನ್ನಾಗಿ ತೇಲುತ್ತದೆ. ಆಮೇಲೆ ಅದನ್ನೇ ಕಾಲು ನೆಲಕ್ಕೆ ತಾಗುವ ನೀರಿಗೆ ಎಸೆದೆ. ದಿನಕ್ಕೆ ಒಂದು ಮೊಳ ಮುಂದೆ, ಅಷ್ಟೇ. ಎದೆಪಟ್ಟಿಗೆ ಉದ್ದದ ಹಗ್ಗ ಕಟ್ಟಿದ್ದೆ, ಆದರೆ ಎಳೆಯುತ್ತಿರಲಿಲ್ಲ.

ಕಾಲು ನೆಲ ಬಿಟ್ಟ ದಿನ ಮತ್ತೆ ಅದೇ ಬಡಿತ. ಈ ಸಲ ಹೊಟ್ಟೆಯ ಹಿಂಭಾಗಕ್ಕೆ ಬೈರಾಸು (ಟವೆಲು) ಕೊಟ್ಟು ಸೊಂಟ ಎತ್ತಿ ಹಿಡಿದೆ. ನನಗೆ ಅಪ್ಪ ಬೆನ್ನಿಗೆ ಒಣ ಕಾಯಿ ಕಟ್ಟಿ ಈಜು ಕಲಿಸಿದ್ದು ನೆನಪಾಯಿತು. ಸೊಂಟ ಮೇಲೆ ಬಂದಿದ್ದೇ ತಡ, ಮುಂಗಾಲು ನೀರಿನ ಒಳಗೇ ಆಡಿದವು. ದಬದಬ ಸದ್ದು ನಿಂತಿತು. ಐದನೇ ದಿನ ಬೈರಾಸು ಬೇಕಾಗಲಿಲ್ಲ.

ಬಾಟಲಿ ತರುವಾಗ ಇನ್ನೊಂದು ತರಲೆ. ದಡಕ್ಕೆ ಬಂದ ಕೂಡಲೇ ಅದನ್ನು ಬೀಳಿಸಿ ಮೈ ಕೊಡವುತ್ತಿದ್ದ. ಬೈದು ಪ್ರಯೋಜನವಿಲ್ಲ. ನಾನೇ ಮೊಣಕಾಲು ನೀರಲ್ಲಿ ನಿಂತು, ಕೊಡವುವ ಮೊದಲೇ ಕೈಗೆ ತೆಗೆದುಕೊಂಡೆ. ಮತ್ತೆ ದಿನಕ್ಕೊಂದು ಹೆಜ್ಜೆ ಹಿಂದೆ ಸರಿದೆ.

ಒಂದು ದಿನ ಖುಷಿಯಲ್ಲಿ ಮುಕ್ಕಾಲು ಗಂಟೆ ಆಡಿಸಿಬಿಟ್ಟೆ. ಮರುದಿನ ಬಾಲ ಜೋತುಬಿದ್ದಿತ್ತು, ಮುಟ್ಟಿದರೆ ಕುಂಯ್ ಅನ್ನುತ್ತಿದ್ದ. ಮುರಿದಿದೆ ಅಂತ ಹೆದರಿದೆ. ಜಾಸ್ತಿ ಈಜಿ ಬಾಲದ ಸ್ನಾಯು ನೊಂದಿದೆ, ವಿಶ್ರಾಂತಿ ಕೊಡಿ ಅಂದರು ಡಾಕ್ಟರು. ನಾಲ್ಕು ದಿನಕ್ಕೆ ಸರಿಹೋಯಿತು. ಈಗ ಹತ್ತು ನಿಮಿಷ ಆದರೆ ಮೇಲೆ ಕರೆಯುತ್ತೇನೆ. ಬಾಯಿ ತೆರೆದು ಈಜುವಾಗ ನೀರೂ ಹೊಟ್ಟೆಗೆ ಹೋಗುತ್ತದೆ, ಅತಿಯಾದರೆ ಜೀವಕ್ಕೇ ಅಪಾಯ. ಕಿವಿ ಒರೆಸಿ, ಮೂಗಲ್ಲಿ ಜಿಗಣೆ ಇದೆಯಾ ನೋಡುತ್ತೇನೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಹತ್ತಿರ ಮಾತ್ರ ಬಿಡುವುದಿಲ್ಲ. ಇಳಿದರೆ ಜಾರಿ ಮೇಲೆ ಬರಲು ಆಗುವುದಿಲ್ಲ.

ಈಗ ಕೆರೆಗೆ ಬಿದ್ದ ಅಡಿಕೆ ಹಾಳೆಯೆಲ್ಲ ದಡಕ್ಕೆ ಬರುತ್ತವೆ. ತೆಂಗಿನಕಾಯಿಗೆ ಬಾಯಿ ಸಾಲದು, ಮೂಗಲ್ಲಿ ದೂಡಿಕೊಂಡು ಬರುತ್ತಾನೆ.